ಹೊರದೇಶದ ಬ್ರಿಡ್ಜ್ (ಇಸ್ಪೀಟು) ಪಂದ್ಯಕ್ಕೆ ಹೊರಟವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಅಂತರರಾಷ್ಟ್ರೀಯ ಪಂದ್ಯ ಅಂದಮಾತ್ರಕ್ಕೆ ಎಲ್ಲ ಅಚ್ಚುಕಟ್ಟಾಗಿರುತ್ತೆ ಅಂತ ನಂಬ್ಕೊಂಡು ಹೋಗಬೇಡಿ.

ಬೋರ್ಡಿನಿಂದ (ಹಂಚಿದ ಎಲೆಗಳನ್ನು ನಾಲ್ಕು ಕಿಸೆಗಳಲ್ಲಿಟ್ಟು ಟೇಬಲಿಂದ ಟೇಬಲಿಗೆ ಸಾಗಿಸುವ ತಟ್ಟೆ) ತೆಗೆದ ಎಲೆಗಳನ್ನು ಮಗುಚಿಟ್ಟೇ ಎಣಿಸಿ, 13 ಇದ್ದರೆ ಮಾತ್ರ ಮುಖ ನೋಡಿ. ಹಿಂದಿನ ಟೇಬಲಿನವರು ಆತುರದಲ್ಲಿ ಒಂದೆಲೆ ಪಕ್ಕದ ಕಿಸೆಗೆ ತುರುಕಿದ್ದರೆ ನಿಮಗೆ 14, ಇನ್ನೊಬ್ಬರಿಗೆ 12.

ದೊಡ್ಡ ಎಡವಟ್ಟು ಆಗೋದು ಮಿಚೆಲ್ ಪದ್ಧತಿಯಲ್ಲಿ, ಟೇಬಲುಗಳ ಸಂಖ್ಯೆ ಸಮ ಇದ್ದಾಗ. ಇದರಲ್ಲಿ ಪ್ರತಿ ಸುತ್ತಾದ ಮೇಲೆ ಉತ್ತರ-ದಕ್ಷಿಣ ದಿಕ್ಕಿನ ಜೋಡಿಯವರು ಕೂತಲ್ಲೇ, ಪೂರ್ವ-ಪಶ್ಚಿಮದವರು ಒಂದು ಟೇಬಲ್ ಮುಂದಕ್ಕೆ, ಬೋರ್ಡು ಒಂದು ಹಿಂದಕ್ಕೆ. 14 ಟೇಬಲಿದ್ದರೆ 7 ಸುತ್ತಾದ ಮೇಲೆ ಪೂರ್ವ-ಪಶ್ಚಿಮದವರು ಒಂದು ಟೇಬಲ್ ಹಾರಿ ಕೂರಬೇಕು. ಡೈರೆಕ್ಟರ್ (ಪಂದ್ಯ ನಡೆಸುವ ತೀರ್ಪುಗಾರ) ಅದನ್ನು ಮರೆತರೆ 8ನೇ ಸುತ್ತಲ್ಲಿ ಪೂರ್ವ-ಪಶ್ಚಿಮದವರಿಗೆ ತಮ್ಮ ಮೊದಲ ಸುತ್ತಿನ ಬೋರ್ಡೇ ಬಂದು ಕೂರುತ್ತೆ. ಎಲೆ ಮುಟ್ಟುವ ಮುಂಚೆ ಬೋರ್ಡ್ ನಂಬರ್ ನೋಡಿ, ಕೈ ಎತ್ತಿ ಡೈರೆಕ್ಟರನ್ನು ಕರೆಯಿರಿ. ಎದುರಾಳಿಗಳ ಜೊತೆ ನೀವೇ ರಾಜಿ ಮಾಡ್ಕೊಂಡರೆ ಆಮೇಲೆ ಯಾರೂ ಕೇಳಲ್ಲ.

ಸ್ಕೋರ್ ಪ್ರತಿ ಬೋರ್ಡಿಗೂ ಬರೆದಿಟ್ಟುಕೊಳ್ಳಿ. ವಲ್ನರಬಲ್ (ಬೋನಸ್ಸೂ ದಂಡವೂ ಹೆಚ್ಚಿರುವ ಸ್ಥಿತಿ) ಅಲ್ಲದಾಗ 4 ಸ್ಪೇಡ್ ಕೂಗಿ (ಸ್ಪೇಡ್ ತುರುಫು, 10 ಟ್ರಿಕ್) ಸರಿಯಾಗಿ ಮಾಡಿದರೆ 420 (ಹೆಸರು ಕೆಟ್ಟದ್ದು, ಅಂಕ ಒಳ್ಳೇದೇ). ಅದನ್ನು ಸ್ಕೋರ್ ಯಂತ್ರದಲ್ಲಿ ಎದುರು ಜೋಡಿಯ ಕಡೆಗೆ ಒತ್ತಿಬಿಡೋದು ಮಾಮೂಲಿ ತಪ್ಪು. ಸಂಘಟಕರು ಬೇರೆ ಅವಧಿ ಹೇಳದಿದ್ದರೆ, ಅಧಿಕೃತ ಪಟ್ಟಿ ಹಾಕಿದ 30 ನಿಮಿಷದೊಳಗೇ ತಿದ್ದಿಸಬೇಕು. ಮೇಲ್ಮನವಿಗೂ ಅಷ್ಟೇ ಸಮಯ, ಅದೂ ಡೈರೆಕ್ಟರ್ ಮೂಲಕವೇ. ಊಟಕ್ಕೆ ಆಮೇಲೆ ಓಡಿ.

ಶನಿವಾರ ಸಂಜೆ 5ಕ್ಕೆ ಸರಸ್ವತಿಪುರಂನಲ್ಲಿ 4 ಟೇಬಲ್ ಹಾಕಿ ಅಭ್ಯಾಸ: 2 ಸುತ್ತು, ಒಂದು ಹಾರು, ಮತ್ತೊಂದು ಸುತ್ತು. ಬರುವವರು ಶುಕ್ರವಾರದೊಳಗೆ ಇಲ್ಲೇ ತಿಳಿಸಿ.