ಧಾರವಾಡಕ್ಕೆ ಬರುವ ದಾರಿಯಲ್ಲಿ ಗೊಟಗೋಡಿಯಲ್ಲಿ ಇಳಿ

ಪ್ರಿಯ ಮಂಜು,

ದಸರಾ ರಜೆಗೆ ಎಲ್ಲರೂ ಕಾರಿನಲ್ಲೇ ಧಾರವಾಡಕ್ಕೆ ಬರುತ್ತೀರಿ ಎಂದು ತಿಳಿದು ಮನೆಯಲ್ಲಿ ಈಗಲೇ ಸಂಭ್ರಮ. ಮಕ್ಕಳಿಗೆ ಮೊದಲು ಒಂದು ದೊಡ್ಡ ಅಮ್ಯೂಸ್‌ಮೆಂಟ್ ಪಾರ್ಕು ತೋರಿಸಿಕೊಂಡು ಬರಲೇ ಎಂದು ಕೇಳಿದ್ದೀಯಲ್ಲ, ಅದಕ್ಕೆ ಫೋನಿನಲ್ಲಿ ಉತ್ತರ ಹೇಳಿದರೆ ಅರ್ಧಕ್ಕೇ ನಿಲ್ಲುತ್ತದೆ. ಹಾಗಾಗಿ ಬರೆಯುತ್ತಿದ್ದೇನೆ.

ನಿನ್ನ ಮಕ್ಕಳು ಇನ್ನೂ ಚಿಕ್ಕವರು. ದೊಡ್ಡ ಪಾರ್ಕುಗಳಲ್ಲಿ ಮೈ ಜುಮ್ಮೆನ್ನಿಸುವ ಆಟಗಳಿಗೆಲ್ಲ ಎತ್ತರದ ಮಿತಿ ಇರುತ್ತದೆ. ಸುರಕ್ಷತೆಗೆ ಅದು ಬೇಕೇ ಬೇಕು. ಆದರೆ ಮೂರು ವರ್ಷದ ಮಗುವಿಗೆ ಅಲ್ಲಿ ಉಳಿಯುವುದು ಸರತಿಯಲ್ಲಿ ನಿಲ್ಲುವುದು, ಬೇರೆಯವರು ಕಿರುಚುವುದನ್ನು ಕೇಳುವುದು, ಬಿಸಿಲಿನಲ್ಲಿ ಅಳುವುದು. ಇನ್ನು ಏಳೆಂಟು ವರ್ಷ ಬಿಟ್ಟು ಅವರೇ ನಿನ್ನನ್ನು ಎಳೆದುಕೊಂಡು ಹೋಗುತ್ತಾರೆ. ಈ ಸಲ ನನ್ನ ಮಾತು ಕೇಳು: ಗೊಟಗೋಡಿಯ ಉತ್ಸವ ರಾಕ್ ಗಾರ್ಡನ್‌ಗೆ ಬಾ. ಹಾವೇರಿ ಜಿಲ್ಲೆಯ ಶಿಗ್ಗಾವಿ ತಾಲ್ಲೂಕು, ನೀವು ಬರುವ ಪುಣೆ-ಬೆಂಗಳೂರು ಹೆದ್ದಾರಿಯ ಪಕ್ಕದಲ್ಲೇ ಇದೆ. ಜಾನಪದ ವಿಶ್ವವಿದ್ಯಾಲಯ ಇರುವುದೂ ಅದೇ ಊರಿನಲ್ಲಿ.

ಅದನ್ನು ಕಟ್ಟಿದವರು ಕಲಾವಿದ ಟಿ.ಬಿ. ಸೊಲಬಕ್ಕನವರ. ನಮ್ಮ ಕಡೆಯ ಜಾನಪದ ರಂಗಕಲೆ ದೊಡ್ಡಾಟಕ್ಕಾಗಿ ದುಡಿದವರು, ಬಯಲಾಟ ಅಕಾಡೆಮಿಯ ಅಧ್ಯಕ್ಷರಾಗಿದ್ದವರು. 2020ರಲ್ಲಿ ತೀರಿಕೊಂಡರು. ಉತ್ತರ ಕರ್ನಾಟಕದ ಹಳ್ಳಿಯ ಬದುಕನ್ನು ಆಳೆತ್ತರದ ಸಿಮೆಂಟಿನ ಶಿಲ್ಪಗಳಲ್ಲಿ ಹಾಗೆಹಾಗೇ ನಿಲ್ಲಿಸಿದ್ದಾರೆ. ಸಾವಿರಕ್ಕೂ ಹೆಚ್ಚು ಶಿಲ್ಪಗಳಿವೆ, ಒಂದರ ಮುಖ ಇನ್ನೊಂದಕ್ಕಿಲ್ಲ. ಕುಂಬಾರ, ಕಮ್ಮಾರ, ನೇಕಾರ, ಕ್ಷೌರಿಕ, ಎಲ್ಲರೂ ಅವರವರ ಕೆಲಸದಲ್ಲಿದ್ದಾರೆ. ಡಾ. ರಾಜ್‌ಕುಮಾರ್ ಅವರ ನಾನಾ ಪಾತ್ರಗಳೂ ಒಂದು ಕಡೆ ಸಾಲಾಗಿ ನಿಂತಿವೆ. ನಮ್ಮ ಅವ್ವ ಅಲ್ಲಿಂದ ಕದಲಲು ಒಪ್ಪಲಿಲ್ಲ!

ಅವ್ವನ ಮಾತು ಬಂತಲ್ಲ, ನಾನು ಮುಖ್ಯವಾಗಿ ಹೇಳಬೇಕಾದದ್ದೇ ಅದು. ಬೇರೆ ಪಾರ್ಕುಗಳಲ್ಲಿ ಹಿರಿಯರು ಬ್ಯಾಗು ಕಾಯುತ್ತಾ ಬೆಂಚಿನ ಮೇಲೆ ಕೂರುತ್ತಾರೆ. ಇಲ್ಲಿ ಅವ್ವ ಮುಂದೆ, ನಾವೆಲ್ಲ ಹಿಂದೆ. ದನದ ಸಂತೆಯ ಶಿಲ್ಪಗಳ ಮುಂದೆ ನಿಂತು, ಎತ್ತು ಕೊಳ್ಳುವವರು ಮೊದಲು ಅದರ ಬಾಯಿ ಬಿಡಿಸಿ ಹಲ್ಲು ನೋಡಿ ವಯಸ್ಸು ತಿಳಿಯುತ್ತಾರೆ ಎಂದು ಶುರು ಮಾಡಿದಳು. ಎರಡು ಹಲ್ಲು, ನಾಲ್ಕು ಹಲ್ಲು, ಆರು ಹಲ್ಲು, ಎಂಟಾದರೆ ಬಾಯಿಗೂಡಿತು, ಅಂದರೆ ಪೂರ್ತಿ ಬೆಳೆದ ಎತ್ತು. ಆಗಷ್ಟೇ ಮುಂದಿನ ಎರಡು ಹಲ್ಲು ಬಿದ್ದಿದ್ದ ನನ್ನ ಮಗಳು ಬಾಯಿ ತೆರೆದು, "ಹಾಗಾದರೆ ನನಗೆಷ್ಟು ವಯಸ್ಸು?" ಎಂದು ಕೇಳಿದಳು. ಅವ್ವ ಗಲ್ಲ ಹಿಡಿದು ಎಡಕ್ಕೂ ಬಲಕ್ಕೂ ತಿರುಗಿಸಿ ನೋಡಿ, "ಇನ್ನೂ ಕರು, ನೊಗಕ್ಕೆ ಹೂಡುವ ಹಾಗಿಲ್ಲ" ಎಂದು ತೀರ್ಪು ಕೊಟ್ಟಳು.

ಆಮೇಲೆ ವ್ಯಾಪಾರದ ಪಾಠ. ಸಂತೆಯಲ್ಲಿ ದರವನ್ನು ಬಾಯಿ ಬಿಟ್ಟು ಹೇಳುವುದಿಲ್ಲ, ಟವೆಲಿನ ಕೆಳಗೆ ಕೈ ಇಟ್ಟು ಒಬ್ಬರ ಬೆರಳು ಇನ್ನೊಬ್ಬರು ಹಿಡಿದು ತಿಳಿಸುತ್ತಾರೆ. ಸುತ್ತ ನಿಂತವರಿಗೆ ಏನೂ ಗೊತ್ತಾಗುವುದಿಲ್ಲ. ಅವ್ವ ತನ್ನ ಸೆರಗಿನ ಕೆಳಗೆ ಮೊಮ್ಮಗನ ಪುಟ್ಟ ಕೈ ತೆಗೆದುಕೊಂಡು ಮೂರು ಬೆರಳು ಒತ್ತಿದಳು. ಅವನು ಯೋಚಿಸಿ ಅವ್ವನ ಒಂದೇ ಬೆರಳು ಹಿಡಿದ. ಒಪ್ಪಂದವಾಗಲಿಲ್ಲ. ಮತ್ತೆ ಒತ್ತಿದಳು. ಆ ಆಟ ಎಷ್ಟು ಹೊತ್ತು ನಡೆಯಿತೆಂದರೆ, ನಾನೂ ನನ್ನ ಹೆಂಡತಿಯೂ ಪಕ್ಕದ ನೆರಳಿನಲ್ಲಿ ಕೂತು ನೆಮ್ಮದಿಯಾಗಿ ಮಾತಾಡಿದೆವು. ಯಾರೂ ನಮ್ಮನ್ನು ಮುಂದೆ ಹೋಗಿ ಎನ್ನಲಿಲ್ಲ. ನಮ್ಮ ಹಿಂದೆ ಸರತಿಯೇ ಇರಲಿಲ್ಲ. ಮಂಜು, ಚಿಕ್ಕ ಮಕ್ಕಳಿಗೆ ಬೇಕಾದದ್ದು ಈ ಬಿಡುವು. ಅವರು ಒಂದು ವಸ್ತುವಿನ ಮುಂದೆ ನಿಂತರೆ ನಿಂತೇ ಬಿಡುತ್ತಾರೆ, ಸುತ್ತು ಹಾಕಿ ಹಿಂದಿನಿಂದ ನೋಡುತ್ತಾರೆ, ಮತ್ತೆ ಮುಂದೆ ಬರುತ್ತಾರೆ. ಅಷ್ಟು ಹೊತ್ತು ಕೊಡಬಲ್ಲ ಜಾಗಗಳು ಕಡಿಮೆ. ಇಂಥ ಜಾಗಗಳಿಗೆ ಜನ ಹೋಗುತ್ತಿದ್ದರೆ ಮಾತ್ರ ಅವು ಉಳಿಯುತ್ತವೆ ಎಂಬ ಆಸೆಯಿಂದಲೂ ನಿನಗೆ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಒಂದೆರಡು ಮಾತು ನೆನಪಿಟ್ಟುಕೋ. ನಡೆದಾಟ ಜಾಸ್ತಿ, ಮಧ್ಯಾಹ್ನ ಬಿಸಿಲು ಚುರುಗುಟ್ಟುತ್ತದೆ, ಮಕ್ಕಳಿಗೆ ಟೋಪಿ ಬೇಕು. ಶಿಲ್ಪಗಳ ಮೇಲೆ ಹತ್ತಬಾರದು ಎಂದು ಕಾರಿನಲ್ಲೇ ಹೇಳಿ ಒಪ್ಪಿಸು. ಎಮ್ಮೆಯನ್ನು ಕಂಡ ಕೂಡಲೇ ಅದರ ಬೆನ್ನಿಗೆ ಓಡುವುದು ಎಲ್ಲ ಮಕ್ಕಳ ಗುಣ. ಬಾಡದಲ್ಲಿ ಕನಕದಾಸರ ಅರಮನೆ, ಶಿಶುನಾಳದಲ್ಲಿ ಶರೀಫರ ಗದ್ದುಗೆ ಎಲ್ಲವೂ ಅದೇ ತಾಲ್ಲೂಕಿನಲ್ಲಿವೆ. ಆಸೆಯಾಗುವುದು ಸಹಜ. ಆದರೆ ಅದೇ ದಿನ ಅವನ್ನೂ ಸೇರಿಸಿಕೊಳ್ಳಬೇಡ. ಶಿಶುನಾಳಕ್ಕೆ ಇಲ್ಲಿಂದಲೇ ಇನ್ನೊಂದು ದಿನ ಎಲ್ಲರೂ ಕೂಡಿ ಹೋಗೋಣ.

ಬೆಂಗಳೂರಿನಿಂದ ಒಂದೇ ಓಟದಲ್ಲಿ ಬಂದರೆ ಮಕ್ಕಳು ಸುಸ್ತಾಗಿರುತ್ತಾರೆ. ರಾತ್ರಿ ದಾವಣಗೆರೆಯಲ್ಲಿ ನಿನ್ನ ಅತ್ತೆಯವರ ಮನೆಯಲ್ಲಿ ಉಳಿದು ಬೆಳಿಗ್ಗೆ ತಿಂಡಿ ಮುಗಿಸಿ ಹೊರಡಿ. ಹಾವೇರಿ ದಾಟುವಾಗ ವೈನಿಯವರಿಂದ ಒಂದು ಫೋನ್ ಮಾಡಿಸು. ನಾನು ಅವ್ವನನ್ನೂ ಮಕ್ಕಳನ್ನೂ ಕರೆದುಕೊಂಡು ಇತ್ತಿಂದ ಹೊರಡುತ್ತೇನೆ, ಗೇಟಿನ ಹತ್ತಿರ ಸಿಗೋಣ. ರಾತ್ರಿ ಊಟಕ್ಕೆ ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ ಎಂದು ಇಲ್ಲಿ ನಿರ್ಧಾರವಾಗಿದೆ. ನಿನ್ನ ಚಿಕ್ಕವನಿಗೆ ಖಾರ ಆಗುತ್ತದೆಯೇ ಎಂದು ಮಾತ್ರ ತಿಳಿಸು.

ನಿನ್ನ,
ಬಸು