ಮಗಳಿಗೊಂದು ಪತ್ರ: ಮೇಜಿನ ಕೆಳಗೆ ನಿನ್ನ ಕಾಲು ತುಳಿದದ್ದೇಕೆ

ಮೈಸೂರು
ಭಾನುವಾರ ಮಧ್ಯಾಹ್ನ

ಪ್ರೀತಿಯ ಪುಟ್ಟಿಗೆ ಅಮ್ಮನ ಆಶೀರ್ವಾದಗಳು.

ಫೋನಿನಲ್ಲಿ ಹೇಳಲು ಹೊರಟರೆ ನೀನು ನಡುವೆ ಬಾಯಿ ಹಾಕುತ್ತೀಯ, ನನಗೆ ಸಿಟ್ಟು ಬರುತ್ತದೆ, ನಿಮ್ಮಪ್ಪ ಟಿವಿಯ ಸದ್ದು ಹೆಚ್ಚಿಸುತ್ತಾರೆ. ಅದಕ್ಕೇ ಈ ಕಾಗದ. ಹೋದ ಭಾನುವಾರ ಹೋಟೆಲಿನಲ್ಲಿ ನಿನ್ನ ಕಾಲು ತುಳಿದೆನಲ್ಲ, ಏಕೆಂದು ಕೇಳಿದ್ದೆ. ಹೇಳುತ್ತೇನೆ.

ಅಂದು ಮೇಜಿಗೆ ಕುಳಿತವರು ಆರು ಜನ. ಹುಡುಗನ ತಂದೆ ತರಿಸಿದ್ದು ಹತ್ತು ಜನಕ್ಕಾಗುವಷ್ಟು. ಹುಬ್ಬಳ್ಳಿಯವರು, ಕೈ ದೊಡ್ಡದು, ಬೀಗರಾಗಲಿರುವವರ ಮುಂದೆ ಇನ್ನಷ್ಟು ದೊಡ್ಡದಾಗಿತ್ತು. ದಾಲ್‌ಗೆ ಸೌಟು ಬಿದ್ದದ್ದು ಎರಡೇ ಸಲ. ಜೀರಾ ರೈಸಿನ ಗುಡ್ಡ ಒಂದು ಬದಿಯಲ್ಲಿ ಮಾತ್ರ ಕುಸಿದಿತ್ತು. ಪನೀರ್ ಅರ್ಧ ಬಟ್ಟಲು ಉಳಿದಿತ್ತು, ನಾಲ್ಕು ನಾನ್‌ಗಳನ್ನು ಯಾರೂ ಮುಟ್ಟಿರಲಿಲ್ಲ. ಉಳಿದದ್ದನ್ನು ಕಟ್ಟಿಸಿಕೊಳ್ಳಲೆಂದು ನೀನು ವೇಟರನತ್ತ ಕೈ ಎತ್ತಿ "ಇದನ್ನು ಸ್ವಲ್ಪ..." ಎನ್ನುವಷ್ಟರಲ್ಲಿ ನನ್ನ ಚಪ್ಪಲಿ ನಿನ್ನ ಹೆಬ್ಬೆರಳಿನ ಮೇಲಿತ್ತು. ನೀನು ಜಾಣೆ. "ಸ್ವಲ್ಪ ಬಿಸಿನೀರು ಕೊಡಿ" ಎಂದು ಮಾತು ತಿರುಗಿಸಿದೆ.

ಆಮೇಲೆ ಮೇಜು ಒರೆಸುವ ಹುಡುಗ ಬಂದ. ಅವನ ಕೈಯಲ್ಲಿ ಒಂದು ಪ್ಲಾಸ್ಟಿಕ್ ಟಬ್. ಅದರೊಳಗೆ ಮೊದಲು ಅನ್ನ ಸುರಿದ, ಅದರ ಮೇಲೆ ದಾಲ್, ಅದರ ಮೇಲೆ ಪನೀರ್, ಮೇಲೆ ನಾನ್‌ಗಳನ್ನಿಟ್ಟು, ಹಿಂಡಿದ ನಿಂಬೆ ಹೋಳು, ಟಿಶ್ಯೂ ಕಾಗದ, ಹಲ್ಲು ಕೆದಕುವ ಕಡ್ಡಿಗಳನ್ನು ಎಸೆದ. ಅವನ ಕೆಲಸ ಅದು, ಅವನದೇನೂ ತಪ್ಪಿಲ್ಲ. ಆದರೆ ಆರು ಜನರೂ ಅದನ್ನು ನೋಡುತ್ತಾ, ನೋಡದವರಂತೆ ಸೋಂಪು ಜಗಿಯುತ್ತಾ ಕುಳಿತಿದ್ದೆವು. ಒಂದು ನಿಮಿಷದ ಹಿಂದೆ ಊಟವಾಗಿದ್ದದ್ದು ಕಣ್ಣೆದುರೇ ಕಸವಾಯಿತು. ನನ್ನ ಕಾಲು ಅಲ್ಲಿ ಇರದಿದ್ದರೆ ಆಗುತ್ತಿರಲಿಲ್ಲ.

ಕಾರಣ ಕೇಳಿದರೆ ಮೇಲಿನದು ಬಹಳ ಅಗ್ಗದ್ದು. ಬಿಲ್ಲು ಕೊಡುವವರು ಅವರು. ಹುಡುಗಿಯ ಕಡೆಯವರು ಮೊದಲ ಸಲ ಬಂದು ಉಂಡದ್ದೂ ಅಲ್ಲದೆ ಉಳಿದದ್ದನ್ನೂ ಕಟ್ಟಿಸಿಕೊಂಡು ಹೋದರು, ಬರಗೆಟ್ಟವರು ಎಂದುಕೊಂಡರೆ? ಈ "ಬರಗೆಟ್ಟವರು" ಎಂಬ ಮಾತಿಗೆ ನಾನು ಹೆದರಿದಷ್ಟು ಹಾವಿಗೂ ಹೆದರಿಲ್ಲ. ಚಿಕ್ಕವರಿದ್ದಾಗ ನೆಂಟರ ಮನೆಗೆ ಹೊರಡುವ ಮೊದಲು ನಿನ್ನ ಅಜ್ಜಿ ನಮಗೆ ಹೊಟ್ಟೆ ತುಂಬ ಊಟ ಹಾಕಿಯೇ ಕಳಿಸುತ್ತಿದ್ದರು. ಎರಡನೆಯ ಸಲ ಬಡಿಸಲು ಬಂದರೆ ಕೈ ಅಡ್ಡ ಹಿಡಿಯಬೇಕು, ಬೇಕೆಂದಿದ್ದರೂ.

ಅದರ ಕೆಳಗೆ ಇನ್ನೊಂದು ಕಾರಣವಿದೆ, ಅದು ಹಳೆಯದು. ತೀರ್ಥಹಳ್ಳಿಯ ಕಡೆಯ ನಮ್ಮ ತವರು ಮಡಿ-ಮುಸುರೆಯ ಮನೆ. ನಿನಗೆ ಈ ಶಬ್ದಗಳು ಗೊತ್ತು, ಅವುಗಳ ಭಾರ ಗೊತ್ತಿಲ್ಲ. ನೀರಿನಲ್ಲಿ ಬೆಂದ ಅನ್ನ ಮುಸುರೆ. ಅದನ್ನು ಮುಟ್ಟಿದ ಕೈ ತೊಳೆಯದೆ ಉಪ್ಪಿನಕಾಯಿ ಜಾಡಿ ಮುಟ್ಟುವಂತಿರಲಿಲ್ಲ. ಬಾಯಿಗೆ ತಾಗಿದ್ದು, ಬಾಯಿಗೆ ಹೋದ ಕೈ ತಾಗಿದ್ದು ಎಂಜಲು. ನಿನ್ನೆಯದು ತಂಗಳು. ಪಾತ್ರೆಯಲ್ಲಿ ಹಾಗೇ ಉಳಿದದ್ದು ಮಿಕ್ಕಿದ್ದು. ಒಂದೇ ಅನ್ನಕ್ಕೆ ನಾಲ್ಕು ಹೆಸರು, ನಾಲ್ಕಕ್ಕೂ ಬೇರೆ ಬೇರೆ ಗತಿ. ಅದರಲ್ಲಿ ಒಂದಿಷ್ಟು ಶುಚಿತ್ವವೂ ಇತ್ತು, ಬಹಳಷ್ಟು ಜಾತಿಯೂ ಇತ್ತು.

ಆದರೆ ಪುಟ್ಟಿ, ಅದೇ ಅಜ್ಜಿಯ ಮನೆಗೆ ಮದುವೆ ಊಟ ಮಾಡಿ ಬಂದ ಅಜ್ಜ ಜೇಬಿನಿಂದ ಕರವಸ್ತ್ರದ ಗಂಟು ತೆಗೆಯುತ್ತಿದ್ದರು. ಒಳಗೆ ಒಂದು ಲಾಡು, ಎರಡು ಚಿರೋಟಿ. ಚಿರೋಟಿ ಎಂದೂ ಇಡಿಯಾಗಿ ಬಂದದ್ದಿಲ್ಲ. ಆ ಪದರದ ಚೂರು, ಸಕ್ಕರೆ ಪುಡಿ, ಜೊತೆಗೆ ಅಜ್ಜನ ನಶ್ಯದ ಸಣ್ಣ ವಾಸನೆ, ಎಲ್ಲವನ್ನೂ ನಾವು ಕರವಸ್ತ್ರ ಕೊಡವಿ ತಿಂದಿದ್ದೇವೆ. ಅಜ್ಜಿ ಒಂದು ಮಾತೂ ಆಡುತ್ತಿರಲಿಲ್ಲ. ಏಕೆಂದರೆ ಅಜ್ಜ ಎಲೆಗೆ ಲಾಡು ಬಿದ್ದ ತಕ್ಷಣ, ಅನ್ನಕ್ಕೆ ಕೈ ಹಾಕುವ ಮೊದಲೇ ಅದನ್ನು ಎತ್ತಿಟ್ಟುಕೊಂಡಿರುತ್ತಿದ್ದರು. ಕರಿದ ತಿಂಡಿ ಮುಸುರೆಯಲ್ಲ, ಮುಟ್ಟುವ ಮೊದಲು ತೆಗೆದದ್ದು ಎಂಜಲಲ್ಲ. ಅಷ್ಟು ಕಟ್ಟುನಿಟ್ಟಿನ ಮನೆಯಲ್ಲೂ ಮಕ್ಕಳಿಗೊಂದು ಲಾಡು ತರಲು ದಾರಿ ಇತ್ತು. ಇದು ನನಗೆ ನೆನಪಾದದ್ದು ಮೊನ್ನೆ, ರಾತ್ರಿ ನಿದ್ದೆ ಬರದೆ ಹೊರಳಾಡುವಾಗ. ಸೌಟಿನಲ್ಲಿ ಬಡಿಸಿಕೊಂಡ ಆ ದಾಲ್, ಯಾರೂ ಮುಟ್ಟದ ಆ ನಾನ್ ಅಜ್ಜಿಯ ಕಾನೂನಿನ ಪ್ರಕಾರವೂ ಎಂಜಲಾಗಿರಲಿಲ್ಲ. (ಅಜ್ಜಿ ಹೋಟೆಲಿಗೇ ಬರುತ್ತಿರಲಿಲ್ಲ, ಅದು ಬೇರೆ ವಿಷಯ.)

ಮನೆಯಲ್ಲಿ ಉಳಿದದ್ದಕ್ಕೆ ನಮ್ಮಲ್ಲಿ ಎಷ್ಟು ಮರ್ಯಾದೆ ನೋಡು. ರಾತ್ರಿಯ ಅನ್ನ ಬೆಳಿಗ್ಗೆ ಚಿತ್ರಾನ್ನವಾದಾಗ ಯಾರೂ ಮುಖ ತಿರುಗಿಸುವುದಿಲ್ಲ. ಮಂಡ್ಯದ ಕಡೆಯವರನ್ನು ಕೇಳು, ಬಸ್ಸಾರಿಗೆ ರುಚಿ ಬರುವುದೇ ಮರುದಿನ. ತಂಗಳು ಮುದ್ದೆಯನ್ನು ಮಜ್ಜಿಗೆಯಲ್ಲಿ ಕಿವುಚಿ ಕುಡಿದು ಹೊಲಕ್ಕೆ ಹೋದವರ ಮೊಮ್ಮಕ್ಕಳು ಇಂದು ಹೋಟೆಲಿನಲ್ಲಿ ಡಬ್ಬಿ ಕೇಳಲು ನಾಚುತ್ತಾರೆ. ಮನೆಯ ಮಿಕ್ಕಿದ್ದು ಗೃಹಿಣಿಯ ಜಾಣತನ. ಹೋಟೆಲಿನ ಮಿಕ್ಕಿದ್ದು ಜುಗ್ಗತನ. ಹೀಗೆಂದು ಯಾರು ನಿರ್ಧರಿಸಿದರೋ!

ನನಗನ್ನಿಸುವುದು, ಹೋಟೆಲಿನಲ್ಲಿ ಊಟ ಉಳಿಯುವುದೇ ನಮಗೆ ಹೊಸದು. ಎರಡು ಇಡ್ಲಿ, ಒಂದು ವಡೆ, ಅರ್ಧ ಲೋಟ ಕಾಫಿ, ಇದರಲ್ಲಿ ಉಳಿಸುವುದೇನು? 1983ರಲ್ಲಿ ಬೆಂಗಳೂರಿನ ಜಯನಗರದಲ್ಲಿ ಶುರುವಾದ ದರ್ಶಿನಿ ಬಗೆಯ ಹೋಟೆಲುಗಳಲ್ಲಂತೂ ನಿಂತೇ ತಿನ್ನಬೇಕು, ತಟ್ಟೆ ಬರಿದು ಮಾಡಿ ಜಾಗ ಬಿಡಬೇಕು. ಊಟದ ಹೋಟೆಲಿನಲ್ಲಿ ಬೇಕಾದಷ್ಟು ಬಡಿಸುತ್ತಾರೆ, ಕಟ್ಟಿಕೊಡುವುದಿಲ್ಲ. "ಒಂದು ಊಟವನ್ನು ಇಬ್ಬರು ಹಂಚಿಕೊಳ್ಳಬಾರದು" ಎಂಬ ಫಲಕವನ್ನು ನೀನೇ ಓದಿ ನಕ್ಕಿದ್ದೀಯ. ಅದು ನ್ಯಾಯವೇ. ಬಫೆಯಲ್ಲಿ ಡಬ್ಬಿ ಕೇಳುವವರನ್ನು ನಾನು ಇಂದಿಗೂ ಬರಗೆಟ್ಟವರು ಎಂದೇ ಕರೆಯುತ್ತೇನೆ, ಏನು ಬೇಕಾದರೂ ಅಂದುಕೋ. ಆದರೆ ಬಟ್ಟಲಿಗಿಷ್ಟು ಎಂದು ಹಣ ಕೊಟ್ಟು ತರಿಸುವ ದೊಡ್ಡ ಹೋಟೆಲು ಬಂದಾಗ ಅಲ್ಲಿ ಹೇಗೆ ನಡೆದುಕೊಳ್ಳಬೇಕೆಂಬುದು ನಮಗೆ ತಿಳಿಯಲಿಲ್ಲ. ಎರಡು ಮಸಾಲೆ ದೋಸೆ ಪಾರ್ಸೆಲ್ ಎಂದು ಗಟ್ಟಿಯಾಗಿ ಕೂಗುವ ನಿಮ್ಮಪ್ಪ, ಉಳಿದದ್ದನ್ನು ಕಟ್ಟಿಕೊಡಿ ಎನ್ನುವಾಗ ಮಾತ್ರ ವೇಟರನ ಕಿವಿಯ ಹತ್ತಿರ ಹೋಗುತ್ತಾರೆ.

ಈ ನಾಚಿಕೆ ನಮ್ಮೊಬ್ಬರದೇ ಅಲ್ಲ ಎಂದು ನೀನು ಹಿಂದೊಮ್ಮೆ ಹೇಳಿದ್ದು ನೆನಪಿದೆ. ಅಮೆರಿಕದಲ್ಲಿ ಎರಡನೆಯ ಮಹಾಯುದ್ಧದ ಕಾಲದಲ್ಲಿ ಮಾಂಸ ರೇಷನ್ನಾದಾಗ, ಉಳಿದ ಚೂರುಗಳನ್ನು ಸಾಕುನಾಯಿಗೆಂದು ಹೋಟೆಲಿನವರೇ ಕಟ್ಟಿಕೊಡುತ್ತಿದ್ದರು. ನಾಯಿಯ ಹೆಸರಿನಲ್ಲಿ ಮನುಷ್ಯರು ತಿಂದರು, ಡಾಗಿ ಬ್ಯಾಗ್ ಎಂಬ ಹೆಸರು ಉಳಿಯಿತು. ಫ್ರಾನ್ಸಿನಲ್ಲಂತೂ ಗಿರಾಕಿ ಕೇಳಿದರೆ ಡಬ್ಬಿ ಕೊಡಲೇಬೇಕೆಂದು 2021ರ ಜುಲೈ 1ರಿಂದ ಕಾನೂನೇ ಜಾರಿಗೆ ಬಂತು. ಊಟಕ್ಕೆ ಅಷ್ಟು ಹೆಸರಾದ ದೇಶಕ್ಕೂ ಕಾನೂನಿನ ಆಸರೆ ಬೇಕಾಯಿತು ಎಂದರೆ ನನ್ನ ಚಪ್ಪಲಿಯ ತಪ್ಪು ಸ್ವಲ್ಪ ಹಗುರವಾದೀತೇ? ನೀನು ಇಲ್ಲ ಎನ್ನುತ್ತೀಯ.

ಇನ್ನು ನಾನು ನಿನ್ನನ್ನು ಕೇಳುವ ಸರದಿ. ಗೆಳತಿಯರ ಜೊತೆ ಹೋದಾಗ ನೀನು ಕಟ್ಟಿಸಿಕೊಳ್ಳುತ್ತೀಯ, ಸರಿ. ಆದರೆ ಆ ಡಬ್ಬಿ ನಿನ್ನ ಫ್ರಿಜ್‌ಗೆ ಹೋಗುವುದು ಅಪರೂಪ. ಗೇಟಿನ ಸೆಕ್ಯೂರಿಟಿಯವರ ಮೇಜಿನ ಮೇಲಿಟ್ಟು ಬರುತ್ತೀಯ. ಹೋದ ಸಲ ನಾನು ಬಂದಿದ್ದಾಗ ನೋಡಿದೆ. ಒಳಗೆ ಏನಿತ್ತು? ಅರ್ಧ ಕಚ್ಚಿದ ರೋಲ್, ನೀವು ನಾಲ್ವರೂ ಚಮಚ ಆಡಿಸಿದ ನೂಡಲ್ಸ್. ಆ ಹಿರಿಯರು ನಿಮ್ಮಪ್ಪನ ವಯಸ್ಸಿನವರು. "ಥ್ಯಾಂಕ್ಸ್ ಮೇಡಂ" ಎಂದರು. ನೀನು ಲಿಫ್ಟ್ ಹತ್ತಿದೆ. ನಾನು ತಿರುಗಿ ನೋಡಿದೆ. ಅವರು ಡಬ್ಬಿಯ ಮುಚ್ಚಳ ತೆಗೆದು, ಹಾಗೇ ಮುಚ್ಚಿ ಪಕ್ಕಕ್ಕೆ ಸರಿಸಿದರು.

ಅಂದು ನಿನಗೆ ಹೇಳಲಿಲ್ಲ. ಎಂಜಲು ಕೊಡುವುದಕ್ಕೆ ನಮ್ಮ ನಾಡಿನಲ್ಲಿ ಬಹಳ ಕೆಟ್ಟ ಇತಿಹಾಸವಿದೆ, ಪುಟ್ಟಿ. ನಮ್ಮ ಊರಿನಲ್ಲಿ ಔತಣ ಮುಗಿದ ಮೇಲೆ ಎಲೆಗಳು ಬೀಳುತ್ತಿದ್ದ ಜಾಗದ ಬಳಿ ಯಾರು ಕಾಯುತ್ತಿದ್ದರು ಎಂಬುದು ನನಗೆ ಗೊತ್ತು. ನಾವು ಮಕ್ಕಳು ಅದನ್ನು ಮಳೆ-ಬಿಸಿಲಿನಷ್ಟೇ ಸಹಜವೆಂದುಕೊಂಡಿದ್ದೆವು. ಉಂಡ ಎಲೆಗಳ ಮೇಲೆ ಉರುಳುವ ಪದ್ಧತಿಯನ್ನು ನಿಷೇಧಿಸಲು ನಮ್ಮ ರಾಜ್ಯದಲ್ಲಿ 2017ರಲ್ಲಿ ಕಾನೂನು ಮಾಡಬೇಕಾಯಿತು. ನಿನ್ನ ಮನಸ್ಸಿನಲ್ಲಿ ಅಂಥದ್ದೇನೂ ಇಲ್ಲ ಎಂದು ನನಗೆ ಗೊತ್ತು. ಆದರೆ ನೀನು ತಿನ್ನಲಾರದ್ದನ್ನು ಅವರು ತಿಂದಾರು ಎಂದುಕೊಂಡೆಯಲ್ಲ, ಅದು ಎಲ್ಲಿಂದ ಬಂತು? ಕೊಡಬೇಕೆನಿಸಿದರೆ ಅವರಿಗೂ ಒಂದು ಊಟ ಹೊಸದಾಗಿ ಪಾರ್ಸೆಲ್ ಹೇಳು. ಅಥವಾ ಮುಟ್ಟದ ಬಟ್ಟಲಿನದನ್ನು, "ಇಂಥದ್ದು ಉಳಿದಿದೆ, ಯಾರೂ ಮುಟ್ಟಿಲ್ಲ, ಬೇಕೇ?" ಎಂದು ಕೇಳಿ ಕೊಡು. ಬೇಡವೆನ್ನಲು ಅವರಿಗೆ ಅವಕಾಶವಿರಬೇಕು. ನಿನ್ನ ತಟ್ಟೆಯದ್ದು ನಿನ್ನದೇ, ಅದನ್ನು ಮನೆಗೆ ತಂದು ನೀನೇ ತಿನ್ನು.

ತರುವುದಾದರೆ ಸರಿಯಾಗಿ ತಾ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿದವಳು, ಇದನ್ನು ಹೇಳದೆ ಬಿಡಲಾರೆ. ಎಲ್ಲರೂ ಮಾಂಸಕ್ಕೆ ಹೆದರುತ್ತಾರೆ, ನನಗೆ ಹೆಚ್ಚು ಹೆದರಿಕೆ ಅನ್ನದ್ದು. ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಾಣುಗಳು ಅನ್ನ ಬೆಂದರೂ ಸಾಯುವುದಿಲ್ಲ. ಅನ್ನ ಬೆಚ್ಚಗೆ ಗಂಟೆಗಟ್ಟಲೆ ಕುಳಿತರೆ ಅವು ಬೆಳೆದು ವಿಷ ಬಿಡುತ್ತವೆ, ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಹೋಟೆಲಿನಿಂದ ಸಿನಿಮಾಕ್ಕೆ ಹೋಗಿ, ಅಲ್ಲಿಂದ ಟ್ರಾಫಿಕ್ಕಿನಲ್ಲಿ ಮನೆ ಸೇರಿ, ಬೆಳಿಗ್ಗೆ ನೆನಪಾಗಿ ಫ್ರಿಜ್‌ಗೆ ಇಡುವ ಡಬ್ಬಿ ಬೇಡವೇ ಬೇಡ. ಎರಡು ಗಂಟೆಯೊಳಗೆ ಫ್ರಿಜ್‌ನಲ್ಲಿರಬೇಕು, ಬೇಸಿಗೆಯಲ್ಲಿ ಇನ್ನೂ ಬೇಗ. ಮರುದಿನ ಮುಗಿಸಬೇಕು, ಒಂದೇ ಸಲ, ಹಬೆಯಾಡುವಂತೆ ಬಿಸಿ ಮಾಡಿ. ಕಾಯಿಚಟ್ನಿಯನ್ನು ಅಲ್ಲೇ ಬಿಡು, ಸಂಜೆಗೆ ಅದು ಹುಳಿಯುವುದನ್ನು ನೋಡಿದ್ದೀಯ. ಅರ್ಧ ಮಸಾಲೆ ದೋಸೆಯನ್ನು ಯಾವ ಕಾರಣಕ್ಕೂ ತರಬೇಡ. ಅದರಲ್ಲಿ ವಿಜ್ಞಾನವೇನಿಲ್ಲ, ಅದು ಒದ್ದೆ ರಟ್ಟಿನ ಹಾಗಾಗುತ್ತದೆ, ಅಷ್ಟೇ.

ಆ ಕಪ್ಪು ಪ್ಲಾಸ್ಟಿಕ್ ಡಬ್ಬಿಗಳನ್ನೂ ಇನ್ನು ಕೂಡಿಡಬೇಡ. ನೀನು ಬಿಟ್ಟುಹೋದ ಇಪ್ಪತ್ತಮೂರು ಇಲ್ಲಿ ಅಟ್ಟದ ಮೇಲಿವೆ, ಎಣಿಸಿದ್ದೇನೆ. ಎರಡರಲ್ಲಿ ನಿಮ್ಮಪ್ಪ ಮೆಂತ್ಯೆ ಬೆಳೆಸಿದ್ದಾರೆ. ಉಳಿದವಕ್ಕೆ ಮುಚ್ಚಳವೇ ಇಲ್ಲ.

ಈಗ ಈ ಕಾಗದ ಬರೆಯಲು ಕೂರಿಸಿದ ಸಂಗತಿಗೆ ಬರುತ್ತೇನೆ. ಬುಧವಾರ ನಿನ್ನ ಅತ್ತೆಯಾಗುವವರು ಫೋನ್ ಮಾಡಿದ್ದರು. ನಿಶ್ಚಿತಾರ್ಥದ ದಿನ, ಛತ್ರ, ಎಷ್ಟು ಜನ ಎಂದೆಲ್ಲ ಮಾತಾಯಿತು. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದವರು 2012ರಲ್ಲಿ ನಗರದ ಕಲ್ಯಾಣ ಮಂಟಪಗಳಲ್ಲಿ ವರ್ಷಕ್ಕೆ 943 ಟನ್ ಆಹಾರ ಹಾಳಾಗುತ್ತದೆ ಎಂದು ಲೆಕ್ಕ ಹಾಕಿದ್ದು ನೆನಪಾಗಿ, ಎಲೆಗೆ ಇಪ್ಪತ್ತೆರಡು ಬಗೆ ಬೇಡ, ಹನ್ನೆರಡು ಸಾಕು ಎಂದೆ. ಆ ಕಡೆ ಒಂದು ಗಳಿಗೆ ಮೌನ. ನನ್ನ ಎದೆ ಧಸಕ್ಕೆಂದಿತು, ಜುಗ್ಗರೆಂದುಕೊಂಡರೇನೋ ಎಂದು. ಆಮೇಲೆ ಅವರು ಮೆಲ್ಲಗೆ ಹೇಳಿದರು: "ಅವತ್ತು ಅಷ್ಟೊಂದು ಉಳಿಯಿತಲ್ಲ, ನಮ್ಮ ಯಜಮಾನರು ಕಟ್ಟಿಸಿಕೊಳ್ಳೋಣ ಎಂದು ಬಾಯಿ ತೆರೆದಿದ್ದರು. ನೀವು ಏನೆಂದುಕೊಳ್ಳುತ್ತೀರೋ ಎಂದು ನಾನೇ ಅವರ ತೊಡೆ ಚಿವುಟಿದೆ." ಅಂದು ರಾತ್ರಿಯ ರೈಲಿನಲ್ಲಿ ಹಸಿವಾಗಿ ಅರಸೀಕೆರೆಯಲ್ಲಿ ಬಿಸ್ಕತ್ತು ಕೊಂಡು ತಿಂದರಂತೆ. ನಾಲ್ಕು ನಾನ್ ನೆನೆಸಿಕೊಂಡೇ ಹುಬ್ಬಳ್ಳಿ ತಲುಪಿದರಂತೆ.

ನಾನು ನಿನ್ನ ಕಾಲಿನ ಕಥೆ ಹೇಳಿದೆ. ಇಬ್ಬರೂ ಎಷ್ಟು ನಕ್ಕೆವೆಂದರೆ ನಿಮ್ಮಪ್ಪ ಟಿವಿ ನಿಲ್ಲಿಸಿ ಬಂದು ಏನೆಂದು ಕೇಳಿದರು.

ಮುಂದಿನ ತಿಂಗಳು ಸೀರೆ ಕೊಳ್ಳಲು ಅವರು ಮತ್ತೆ ಬರುತ್ತಾರೆ. ಹೋಟೆಲ್ ನೀನೇ ಆರಿಸು, ಬಿಲ್ಲು ಈ ಸಲ ನಮ್ಮದು. ನನ್ನ ಚೀಲದಲ್ಲಿ ಎರಡು ಸ್ಟೀಲ್ ಡಬ್ಬಿ ಈಗಲೇ ಹಾಕಿಟ್ಟಿದ್ದೇನೆ; ಅವರೂ ಒಂದು ತರುವುದಾಗಿ ಹೇಳಿದ್ದಾರೆ. ನಮ್ಮದರಲ್ಲಿ ದೊಡ್ಡದರ ಮುಚ್ಚಳ ಸರಿಯಾಗಿ ಕೂರುವುದಿಲ್ಲ, ಸಾರು ಗೀರು ಹೆಚ್ಚು ತರಿಸಬೇಡ.

ಹೆಬ್ಬೆರಳಿನ ಉಗುರು ಕಪ್ಪಾಗಿದೆ ಎಂದಿದ್ದೆ. ರಾತ್ರಿ ಸ್ವಲ್ಪ ಕೊಬ್ಬರಿ ಎಣ್ಣೆ ಹಚ್ಚು.

ನಿನ್ನ
ಅಮ್ಮ