ಎರಡು ಎಂಜಿನ್ ತರಬೇತಿ: ಒಂದೇ ಎಂಜಿನ್‌ನಲ್ಲಿ ಹಾರಿಸಿದ್ದೆಷ್ಟು ಎಂದು ಕೇಳಿ

ಮಾನ್ಯ ಸಂಪಾದಕರೇ,

ದ್ವಿತೀಯ ಪಿಯು ಫಲಿತಾಂಶ ಬಂತೆಂದರೆ ಮಡಿಕೇರಿ, ವಿರಾಜಪೇಟೆ, ಗೋಣಿಕೊಪ್ಪಲು, ಕುಶಾಲನಗರಗಳಲ್ಲಿ ಪೈಲಟ್ ತರಬೇತಿಯ ಕರಪತ್ರಗಳು ಕೈಯಿಂದ ಕೈಗೆ ದಾಟತೊಡಗುತ್ತವೆ. 1965ರ ಯುದ್ಧದ ವಾಯುಪಡೆ ವೀರ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯನವರ ಪ್ರತಿಮೆ ನಿಂತಿರುವ ಊರಿನಲ್ಲಿ ಮಕ್ಕಳಿಗೆ ವಿಮಾನದ ಆಸೆ ಹುಟ್ಟಿಸಲು ಯಾರೂ ಹೆಚ್ಚು ಕಷ್ಟಪಡಬೇಕಿಲ್ಲ. ಈ ಕರಪತ್ರಗಳಲ್ಲಿ ಸಾಮಾನ್ಯವಾಗಿ ಕಾಣುವ ಸಾಲು ಒಂದಿದೆ: ‘ಒಟ್ಟು 200 ಗಂಟೆ ಹಾರಾಟ, ಅದರಲ್ಲಿ 15 ಗಂಟೆ ಮಲ್ಟಿ ಎಂಜಿನ್’, ಅಂದರೆ ಎರಡು ಎಂಜಿನ್ನಿನ ವಿಮಾನದಲ್ಲಿ. ಪೋಷಕರು ಫೀಸು ವಿಚಾರಿಸುತ್ತಾರೆ, ಹಾಸ್ಟೆಲ್ ವಿಚಾರಿಸುತ್ತಾರೆ, ಕೆಲಸ ಸಿಗುತ್ತದೆಯೇ ಎಂದು ಎರಡೆರಡು ಸಲ ಕೇಳುತ್ತಾರೆ. ಆ 15 ಗಂಟೆಯಲ್ಲಿ ಏನು ಮಾಡಿಸುತ್ತೀರಿ ಎಂದು ಕೇಳುವವರು ಅಪರೂಪ. ಇಡೀ ತರಬೇತಿಯಲ್ಲಿ ಗಂಟೆಯೊಂದಕ್ಕೆ ಅತಿ ಹೆಚ್ಚು ಹಣ ಹೋಗುವುದು ಅಲ್ಲಿಯೇ ಆದ್ದರಿಂದ ಈ ಪತ್ರ.

ನಾಗರಿಕ ವಿಮಾನಯಾನ ನಿಯಂತ್ರಕ ಡಿಜಿಸಿಎ ನಿಯಮದಂತೆ ಕಮರ್ಷಿಯಲ್ ಪೈಲಟ್ ಲೈಸೆನ್ಸ್‌ಗೆ ಬೇಕಾದ 200 ಗಂಟೆಯಲ್ಲಿ 100 ಗಂಟೆ ತಾನೇ ಕಮಾಂಡಿನಲ್ಲಿದ್ದು ಹಾರಿಸಿರಬೇಕು. ಊರಿಂದೂರಿಗೆ ಹೋಗುವ ಕ್ರಾಸ್ ಕಂಟ್ರಿ ಹಾರಾಟ, ರಾತ್ರಿ ಹಾರಾಟ, ಉಪಕರಣ ನೋಡಿ ಹಾರಿಸುವ ಅಭ್ಯಾಸಗಳಿಗೆ ಬೇರೆ ಬೇರೆ ಲೆಕ್ಕವಿದೆ. ಇದನ್ನೆಲ್ಲ ಒಂದೇ ಎಂಜಿನ್ನಿನ ಸೆಸ್ನಾದಲ್ಲಿ ಮುಗಿಸಿದರೂ ಲೈಸೆನ್ಸ್ ಸಿಗುತ್ತದೆ. ಮಲ್ಟಿ ಎಂಜಿನ್ ರೇಟಿಂಗ್ ಎಂಬುದು ಲೈಸೆನ್ಸಿನ ಮೇಲೆ ಪ್ರತ್ಯೇಕವಾಗಿ ಸೇರುವ ನಮೂದು. ಆದರೆ ಏರ್‌ಬಸ್ 320 ಇರಲಿ, ಎಟಿಆರ್ ಇರಲಿ, ವಿಮಾನಯಾನ ಕಂಪನಿಗಳದ್ದೆಲ್ಲ ಎರಡು ಎಂಜಿನ್ನಿನ ವಿಮಾನಗಳು. ಆ ನಮೂದು ಇಲ್ಲದವರ ಅರ್ಜಿ ಮುಂದಕ್ಕೆ ಹೋಗುವುದಿಲ್ಲ. ಇನ್‌ಸ್ಟ್ರುಮೆಂಟ್ ರೇಟಿಂಗ್ ಪರೀಕ್ಷೆಯನ್ನೂ ಅದೇ ವಿಮಾನದಲ್ಲಿ ಕೊಡುವುದು ವಾಡಿಕೆ. ಸಮಸ್ಯೆ ಶುರುವಾಗುವುದು ಇಲ್ಲಿ. ಹೊರಗಿನದು ಕಾಣದಂತೆ ಹುಡ್ ಹಾಕಿಕೊಂಡು ಎರಡೂ ಎಂಜಿನ್ ಓಡಿಸುತ್ತಾ ನೇರ ಹಾರಿದ ಗಂಟೆಗಳೂ ಆ ಹದಿನೈದರಲ್ಲೇ ಸೇರಿಬಿಡುತ್ತವೆ. ಲಾಗ್‌ಬುಕ್ಕಿನಲ್ಲಿ ಅಂಕಿ ತುಂಬುತ್ತದೆ, ಕಲಿಯಬೇಕಾದದ್ದು ಉಳಿದುಹೋಗುತ್ತದೆ.

ಯುರೋಪಿನ ನಿಯಮ ಇದಕ್ಕೊಂದು ಒಳ್ಳೆಯ ಅಳತೆಗೋಲು. ಅಲ್ಲಿ ಪಿಸ್ಟನ್ ಎಂಜಿನ್ನಿನ ಮಲ್ಟಿ ರೇಟಿಂಗ್‌ಗೆ ಕನಿಷ್ಠ 6 ಗಂಟೆ ಹಾರಾಟ ಸಾಕು. ಆದರೆ ಆರರಲ್ಲಿ ಮೂರೂವರೆ ಗಂಟೆ ಒಂದು ಎಂಜಿನ್ ಕೆಟ್ಟಾಗಿನ ಅಭ್ಯಾಸಕ್ಕೇ ಮೀಸಲು. ಅಮೆರಿಕದಲ್ಲಿ ಲೈಸೆನ್ಸ್ ಇರುವವರು ಈ ರೇಟಿಂಗ್ ಸೇರಿಸಿಕೊಳ್ಳಲು ಕನಿಷ್ಠ ಗಂಟೆ ಎಂಬುದೇ ಇಲ್ಲ. ಪರೀಕ್ಷೆಯಲ್ಲಿ ಮಾಡಿ ತೋರಿಸಿದರೆ ಆಯಿತು. ಅಂದರೆ 15 ಎಂಬ ಅಂಕಿ ನೋಡಿ ಸಮಾಧಾನ ಪಡಬೇಕಾಗಿಲ್ಲ, ಅದರಲ್ಲಿ ಅರ್ಧದಷ್ಟಾದರೂ ಒಂದು ಕಡೆ ಶಕ್ತಿ ಇಲ್ಲದೆ ಹಾರಿಸಿದ್ದಾಗಿರಬೇಕು.

ಕಾರಣ ಸರಳ. ಎರಡೂ ಎಂಜಿನ್ ಓಡುತ್ತಿರುವಾಗ ಸೆನೆಕಾ ಅಥವಾ ಸೆಮಿನೋಲ್ ಎಂಬ ಎರಡು ಎಂಜಿನ್ನಿನ ತರಬೇತಿ ವಿಮಾನ ಸ್ವಲ್ಪ ಭಾರದ, ಸ್ವಲ್ಪ ವೇಗದ ಸೆಸ್ನಾ ಅಷ್ಟೇ. ನಾಲ್ಕು ಹಾರಾಟದಲ್ಲಿ ಕೈಗೆ ಹತ್ತುತ್ತದೆ. ಒಂದು ನಿಂತಾಗ ಮಾತ್ರ ಅದು ಬೇರೆಯದೇ ವಿಮಾನ. ಶಕ್ತಿ ಅರ್ಧಕ್ಕೆ ಇಳಿದರೆ ಮೇಲೇರುವ ಸಾಮರ್ಥ್ಯವೂ ಅರ್ಧ ಎಂದು ಹೊಸಬರು ಎಣಿಸುತ್ತಾರೆ. ಹಾಗಲ್ಲ. ಸಮಮಟ್ಟದಲ್ಲಿ ಹಾರಲು ಬೇಕಾದಷ್ಟು ಶಕ್ತಿ ಮೊದಲು ಖರ್ಚಾಗಿ, ಮಿಕ್ಕಿದ್ದರಿಂದ ಮಾತ್ರ ವಿಮಾನ ಏರುವುದು. ಆ ಮಿಕ್ಕ ಭಾಗದಲ್ಲಿ ಶೇ 80ರಿಂದ 90ರಷ್ಟು ಹೋಗಿಬಿಡುತ್ತದೆ. ಪೈಪರ್ ಸೆಮಿನೋಲ್ ಪೂರ್ತಿ ಭಾರದಲ್ಲಿ, ಸಮುದ್ರಮಟ್ಟದಲ್ಲಿ ಎರಡು ಎಂಜಿನ್‌ನಿಂದ ನಿಮಿಷಕ್ಕೆ ಸಾವಿರ ಅಡಿಗೂ ಹೆಚ್ಚು ಏರುತ್ತದೆ. ಒಂದೇ ಎಂಜಿನ್ನಿನಲ್ಲಿ 200 ಅಡಿಯ ಆಸುಪಾಸು. ಒಂದೇ ಎಂಜಿನ್ನಿನಲ್ಲಿ ಅದರ ಸರ್ವಿಸ್ ಸೀಲಿಂಗ್, ಅಂದರೆ ನಿಮಿಷಕ್ಕೆ 50 ಅಡಿಯಾದರೂ ಏರಬಲ್ಲ ಗರಿಷ್ಠ ಎತ್ತರ, ಸುಮಾರು 3,800 ಅಡಿ.

ಈ ಅಂಕಿಯನ್ನು ನಮ್ಮ ನೆಲದ ಪಕ್ಕ ಇಟ್ಟು ನೋಡಿ. ಮಡಿಕೇರಿ ಪೇಟೆಯೇ ಸುಮಾರು 3,800 ಅಡಿ ಎತ್ತರದಲ್ಲಿದೆ. ತಡಿಯಂಡಮೋಳ್ 5,700 ಅಡಿ. ನಮಗೆ ಹತ್ತಿರದ ಮೈಸೂರು ಮಂಡಕಳ್ಳಿಯ ರನ್‌ವೇ 2,400 ಅಡಿಯಷ್ಟು ಎತ್ತರದಲ್ಲಿದೆ. ಸೆಖೆಯ ದಿನ ಅಲ್ಲಿ 30 ಡಿಗ್ರಿ ಇದ್ದರೆ ಗಾಳಿ ತೆಳುವಾಗಿ ಡೆನ್ಸಿಟಿ ಆಲ್ಟಿಟ್ಯೂಡ್, ಅಂದರೆ ಗಾಳಿಯ ಸಾಂದ್ರತೆಯ ಲೆಕ್ಕದಲ್ಲಿ ವಿಮಾನಕ್ಕೆ ಅನುಭವವಾಗುವ ಎತ್ತರ, 4,700 ಅಡಿ ದಾಟುತ್ತದೆ. ಪೂರ್ತಿ ಭಾರ ಹೊತ್ತ, ಟರ್ಬೊ (ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಸಾಧನ) ಇಲ್ಲದ ವಿಮಾನ ಆ ಹೊತ್ತಿನಲ್ಲಿ ನೆಲ ಬಿಟ್ಟು ಒಂದು ಎಂಜಿನ್ ಕಳೆದುಕೊಂಡರೆ ಉಳಿದ ಎಂಜಿನ್ ಅದನ್ನು ಮೇಲಕ್ಕೆ ಒಯ್ಯುತ್ತದೆ ಎಂದು ನಂಬುವಂತಿಲ್ಲ. ಆದ್ದರಿಂದ ಟೇಕಾಫ್‌ಗೆ ಮೊದಲೇ, ಬ್ರೇಕ್ ಬಿಡುವ ಮುಂಚೆ, ವಿದ್ಯಾರ್ಥಿ ಬಾಯಿಬಿಟ್ಟು ಹೇಳಬೇಕು: ನೆಲದ ಮೇಲಿರುವಾಗ ಕೆಟ್ಟರೆ ಎರಡೂ ಥ್ರಾಟಲ್ ಮುಚ್ಚಿ ನಿಲ್ಲಿಸುತ್ತೇನೆ, ಎದ್ದ ಮೇಲೆ ಮುಂದೆ ರನ್‌ವೇ ಉಳಿದಿದ್ದರೆ ಎರಡನ್ನೂ ಮುಚ್ಚಿ ಅಲ್ಲೇ ಇಳಿಸುತ್ತೇನೆ, ಚಕ್ರ ಮೇಲೆತ್ತಿ, ನೀಲಿ ಗೆರೆಯ ವೇಗ (ಒಂದೇ ಎಂಜಿನ್ನಿನಲ್ಲಿ ಚೆನ್ನಾಗಿ ಏರುವ ವೇಗ) ಕೈಯಲ್ಲಿದ್ದು, ಇವತ್ತಿನ ಭಾರ–ಬಿಸಿಲಿಗೆ ಕೈಪಿಡಿಯ ಸಾಮರ್ಥ್ಯದ ಚಾರ್ಟ್ ಒಪ್ಪಿದರೆ ಮಾತ್ರ ಮುಂದುವರಿಸುತ್ತೇನೆ. ಚಾರ್ಟ್ ತೆರೆಯದೆ ಈ ಮೂರು ವಾಕ್ಯವನ್ನು ಬಾಯಿಪಾಠ ಒಪ್ಪಿಸುವುದು ಎಷ್ಟೋ ಕಡೆ ನಡೆದಿದೆ. ಅದರಿಂದ ಪ್ರಯೋಜನವಿಲ್ಲ.

ಇನ್ನು ಎಳೆತದ ಮಾತು. ಜೋಡೆತ್ತಿನಲ್ಲಿ ಒಂದು ಮಲಗಿದರೆ ಗಾಡಿ ಅದೇ ಕಡೆಗೆ ತಿರುಗುವಂತೆ, ವಿಮಾನದ ಮೂತಿ ನಿಂತ ಎಂಜಿನ್ನಿನತ್ತ ತಿರುಗುತ್ತದೆ, ಬೆನ್ನಿಗೇ ಆ ರೆಕ್ಕೆ ಕುಸಿಯುತ್ತದೆ. ತಡೆಯುವುದು ರಡ್ಡರ್, ಅಂದರೆ ಕಾಲಿನ ಪೆಡಲಿನಿಂದ ಆಡಿಸುವ ಬಾಲದ ಚುಕ್ಕಾಣಿ. ರಡ್ಡರಿನ ಬಲ ಗಾಳಿಯ ವೇಗದಿಂದ ಬರುವುದರಿಂದ, ಒಂದು ವೇಗಕ್ಕಿಂತ ಕೆಳಗೆ ಪೆಡಲನ್ನು ಪೂರ್ತಿ ಒತ್ತಿದರೂ ಮೂತಿ ನಿಲ್ಲುವುದಿಲ್ಲ. ಅದೇ ವಿಎಂಸಿ (ಕನಿಷ್ಠ ನಿಯಂತ್ರಣ ವೇಗ), ವೇಗಮಾಪಕದಲ್ಲಿ ಕೆಂಪು ಗೆರೆ. ಸೆಮಿನೋಲ್‌ನಲ್ಲಿ 56 ನಾಟ್, ಸೆನೆಕಾ-2ರಲ್ಲಿ 66. ಒಂದೇ ಎಂಜಿನ್ನಿನಲ್ಲಿ ಅತ್ಯುತ್ತಮವಾಗಿ ಏರುವ ವೇಗ ನೀಲಿ ಗೆರೆ. ಸೆಮಿನೋಲ್‌ಗೆ 88, ಸೆನೆಕಾ-2ಕ್ಕೆ 89. ಕೆಂಪು ಗೆರೆಯನ್ನು ಕಲ್ಲಿನಲ್ಲಿ ಕೊರೆದದ್ದು ಎಂದುಕೊಳ್ಳುವುದು ದೊಡ್ಡ ತಪ್ಪು. ತಯಾರಕರು ಅದನ್ನು ಅಳೆದದ್ದು ಓಡುವ ಎಂಜಿನ್ನಿನ ಕಡೆಗೆ 5 ಡಿಗ್ರಿಯವರೆಗೆ ವಾಲಿಸಿಕೊಂಡು. ರೆಕ್ಕೆ ಸಮ ಇಟ್ಟರೆ ಪ್ರತಿ ಡಿಗ್ರಿಗೆ ಸರಿಸುಮಾರು 3 ನಾಟ್‌ನಂತೆ ಅದು ಮೇಲೇರುತ್ತದೆ. ಹಾಗಾಗಿ 56 ಎಂದು ಬರೆದಿದ್ದರೂ ಸಮರೆಕ್ಕೆಯಲ್ಲಿ 70ರ ಹತ್ತಿರವೇ ವಿಮಾನ ಕೈತಪ್ಪಬಹುದು. ನೆನಪಿಡಬೇಕಾದ್ದು ಇಷ್ಟು: ನಿಂತ ಎಂಜಿನ್ನನ್ನು ಮೇಲಕ್ಕೆತ್ತು, ಓಡುವ ಕಡೆಗೆ ಎರಡು–ಮೂರು ಡಿಗ್ರಿ ವಾಲಿಸು, ವಿಮಾನ ಅಡ್ಡ ಜಾರುವುದನ್ನು ತೋರಿಸುವ ಉಪಕರಣದ ಚೆಂಡು ನಡುವಿಗೆ ಬರದೆ ಓಡುವ ಕಡೆಗೆ ಅರ್ಧ ಸರಿದಿರಲಿ. ಚೆಂಡನ್ನು ನಟ್ಟನಡುವೆ ಕೂರಿಸಿ ಹೆಮ್ಮೆಪಡುವ ವಿದ್ಯಾರ್ಥಿಯ ವಿಮಾನ ವಾಸ್ತವದಲ್ಲಿ ಅಡ್ಡಡ್ಡ ಜಾರುತ್ತಿರುತ್ತದೆ, ಇದ್ದ ಅಲ್ಪ ಏರಿಕೆಯನ್ನೂ ತಿನ್ನುತ್ತಿರುತ್ತದೆ.

ಎಂಜಿನ್ ಕೆಟ್ಟಾಗಿನ ಕ್ರಮ ಹೀಗಿದೆ. ಮೊದಲು ರಡ್ಡರ್ ಒತ್ತಿ ದಿಕ್ಕು ಹಿಡಿಯುವುದು, ಮೂತಿ ತಗ್ಗಿಸಿ ನೀಲಿ ಗೆರೆ ಹಿಡಿಯುವುದು. ಆಮೇಲೆ ಎರಡೂ ಎಂಜಿನ್ನಿನ ಮಿಕ್ಸ್‌ಚರ್ (ಇಂಧನ–ಗಾಳಿ ಮಿಶ್ರಣ), ಪ್ರೊಪೆಲ್ಲರ್, ಥ್ರಾಟಲ್ ಆರೂ ಲಿವರ್ ಮುಂದಕ್ಕೆ. ಫ್ಲ್ಯಾಪ್ ಮೇಲೆ, ಚಕ್ರ ಮೇಲೆ. ನಂತರವೇ ಯಾವುದು ನಿಂತಿದೆ ಎಂಬ ತೀರ್ಮಾನ. ಗೇಜ್ ನೋಡಿ ಹೇಳಲು ಹೋಗಬಾರದು: ಗಾಳಿಗೆ ತಿರುಗುತ್ತಿರುವ ಪ್ರೊಪೆಲ್ಲರನ್ನು ಗವರ್ನರ್ ಹೆಚ್ಚುಕಡಿಮೆ ಅದೇ ಆರ್‌ಪಿಎಂನಲ್ಲಿ ಇಟ್ಟಿರುತ್ತದೆ, ಮ್ಯಾನಿಫೋಲ್ಡ್ ಒತ್ತಡವೂ ಸರಿಯಿರುವಂತೆಯೇ ತೋರುತ್ತದೆ. ಸುಳ್ಳು ಹೇಳದಿರುವುದು ಕಾಲು. ಯಾವ ಕಾಲಿಗೆ ಕೆಲಸವಿಲ್ಲವೋ ಆ ಕಡೆಯ ಎಂಜಿನ್ ನಿಂತಿದೆ. ಖಚಿತಪಡಿಸಲು ಅದರ ಥ್ರಾಟಲನ್ನು ನಿಧಾನ ಹಿಂದಕ್ಕೆ ಎಳೆಯಬೇಕು. ಶಬ್ದವೂ ಕಾಲಿನ ಒತ್ತಡವೂ ಬದಲಾಗದಿದ್ದರೆ ಊಹೆ ಸರಿ. ಆಗ ಪ್ರೊಪೆಲ್ಲರ್ ಲಿವರನ್ನು ಫೆದರ್‌ಗೆ (ಎಲೆಗಳ ಅಂಚು ಗಾಳಿಗೆ ಎದುರಾಗಿ ತಡೆ ತಗ್ಗುವ ಸ್ಥಿತಿಗೆ) ಎಳೆದು, ಮಿಕ್ಸ್‌ಚರ್ ಕತ್ತರಿಸುವುದು. ಗಾಬರಿಯಲ್ಲಿ ಖಚಿತಪಡಿಸುವ ಹೆಜ್ಜೆ ಬಿಟ್ಟು ಓಡುತ್ತಿರುವ ಎಂಜಿನ್ನನ್ನೇ ಆರಿಸಿದ ಅಪಘಾತಗಳು ಜಗತ್ತಿನಾದ್ಯಂತ ಆಗಿವೆ. 2015ರಲ್ಲಿ ತೈಪೆಯಲ್ಲಿ ಬಿದ್ದ ಟ್ರಾನ್ಸ್‌ಏಷ್ಯಾದ ಎಟಿಆರ್ ವಿಮಾನದಲ್ಲಿ ಆದದ್ದೂ ಇದೇ. ಅಂದರೆ ಇದು ಕಲಿಕೆಯ ಮಕ್ಕಳ ತಪ್ಪು ಮಾತ್ರವಲ್ಲ.

ಹಾಗೆಂದು ತೀರಾ ತಡಮಾಡುವಂತೆಯೂ ಇಲ್ಲ. ಈ ಬಗೆಯ ಪ್ರೊಪೆಲ್ಲರಿನ ಎಲೆಗಳನ್ನು ಕಡಿಮೆ ಕೋನದಲ್ಲಿ ಹಿಡಿದಿರುವುದು ಎಂಜಿನ್ ಆಯಿಲ್ ಒತ್ತಡ. ಒತ್ತಡ ಹೋದರೆ ಸ್ಪ್ರಿಂಗ್, ನೈಟ್ರೋಜನ್ ಮತ್ತು ತೂಕದ ಗುಂಡುಗಳು ಅವನ್ನು ಫೆದರ್‌ನತ್ತ ನೂಕುತ್ತವೆ. ದಿನಾ ನೆಲದ ಮೇಲೆ ಎಂಜಿನ್ ಆರಿಸಿದಾಗಲೆಲ್ಲ ಹಾಗಾಗಬಾರದೆಂದು ಒಳಗೆ ಲಾಕ್ ಪಿನ್‌ಗಳಿವೆ. ಸೆಮಿನೋಲ್‌ನಲ್ಲಿ ಸುಮಾರು 950 ಆರ್‌ಪಿಎಂಗಿಂತ ಕೆಳಗಿಳಿದರೆ ಪಿನ್ ಕೂರುತ್ತದೆ; ಆಮೇಲೆ ಲಿವರ್ ಎಷ್ಟು ಎಳೆದರೂ ಫೆದರ್ ಆಗದು, ಎಲೆಗಳು ಗಾಳಿಗೆ ಅಡ್ಡ ನಿಂತು ವಿಮಾನವನ್ನು ಕೆಳಕ್ಕೆ ಜಗ್ಗುತ್ತವೆ. ಯಾಕೆ ಅವಸರ, ಯಾಕೆ ನಿಧಾನ ಎಂದು ಈ ಎರಡನ್ನೂ ಕೂಡಿಸಿ ವಿವರಿಸುವ ಬೋಧಕರು ಸಿಕ್ಕಿದರೆ ಅದೃಷ್ಟ.

ಈ ಅಭ್ಯಾಸ ಎಲ್ಲಿ, ಎಷ್ಟು ಎತ್ತರದಲ್ಲಿ ಆಗುತ್ತದೆ ಎನ್ನುವುದು ಮುಖ್ಯ. ನಿಜವಾಗಿ ಎಂಜಿನ್ ಆರಿಸಿ ಫೆದರ್ ಮಾಡುವುದು ನೆಲದಿಂದ 3,000 ಅಡಿಗಿಂತ ಮೇಲೆ, ಇಳಿಯಲು ವಿಮಾನ ನಿಲ್ದಾಣ ಕೈಗೆಟುಕುವಂತಿರುವಾಗ ಮಾತ್ರ, ಯಾಕೆಂದರೆ ಆರಿಸಿದ್ದು ಮತ್ತೆ ಹತ್ತದೇ ಇರಬಹುದು. ಅದಕ್ಕಿಂತ ಕೆಳಗೆ ಕೈಪಿಡಿ ಹೇಳಿದಷ್ಟು ಶಕ್ತಿ ಇಟ್ಟು ಫೆದರ್ ಆದಂತೆ ನಟಿಸಬೇಕು. ವಿಎಂಸಿ ತೋರಿಸುವ ಪಾಠದಲ್ಲಿ ನಮ್ಮ ಕಡೆಯ ಎತ್ತರ ಇನ್ನೊಂದು ತೊಡಕು ತರುತ್ತದೆ. ಟರ್ಬೊ ಇಲ್ಲದ ಎಂಜಿನ್ನಿಗೆ ಮೇಲೇರಿದಂತೆ ಶಕ್ತಿ ಕುಗ್ಗಿ ವಿಎಂಸಿ ಇಳಿಯುತ್ತದೆ. ಸ್ಟಾಲ್ ಆಗುವ, ಅಂದರೆ ರೆಕ್ಕೆಯ ಎತ್ತುವ ಬಲ ಕುಸಿಯುವ, ಸೂಚಿತ ವೇಗ ಇಳಿಯುವುದಿಲ್ಲ. ಸೆಮಿನೋಲ್‌ನ ಸ್ಟಾಲ್ ವೇಗವೇ 57 ನಾಟ್. ಮೈಸೂರಿನ ಮೇಲೆ ಆರು ಸಾವಿರ ಅಡಿಯಲ್ಲಿ ವೇಗ ಇಳಿಸುತ್ತ ಹೋದರೆ ಮೂತಿ ತಿರುಗುವ ಮುನ್ನ ಸ್ಟಾಲ್ ಬರುತ್ತದೆ. ಒಂದು ಕಡೆ ಪೂರ್ತಿ ಶಕ್ತಿ, ಜೊತೆಗೆ ಸ್ಟಾಲ್ ಎಂದರೆ ಸ್ಪಿನ್‌ಗೆ, ಅಂದರೆ ಗಿರಗಿರ ಸುತ್ತುತ್ತ ಕೆಳಗೆ ಬೀಳುವುದಕ್ಕೆ, ಆಹ್ವಾನ. ಇದನ್ನು ತಪ್ಪಿಸಲು ಅನುಭವಿ ಬೋಧಕರು ತಮ್ಮ ಕಾಲಿನಿಂದ ರಡ್ಡರ್ ಪೆಡಲಿಗೆ ಅರ್ಧದಲ್ಲೇ ತಡೆ ಹಾಕಿ, ಹೆಚ್ಚಿನ ವೇಗದಲ್ಲೇ ಮೂತಿ ತಿರುಗುವುದನ್ನು ತೋರಿಸುತ್ತಾರೆ. ಮೊದಲ ಲಕ್ಷಣಕ್ಕೇ ಓಡುವ ಎಂಜಿನ್ನಿನ ಶಕ್ತಿ ತಗ್ಗಿಸಿ ಮೂತಿ ಇಳಿಸುವುದು ಕಲಿಯಬೇಕಾದ ಪಾಠ. ಟೇಕಾಫ್ ಆದ ಕೂಡಲೇ, ನೂರು ಅಡಿಯಲ್ಲಿ, ಒಂದು ಎಂಜಿನ್ನಿನ ಶಕ್ತಿ ತೆಗೆದು ವಿದ್ಯಾರ್ಥಿಯ ಧೈರ್ಯ ಪರೀಕ್ಷಿಸುವುದು ಪಾಠವಲ್ಲ, ಹುಡುಗಾಟ. ಅದಕ್ಕೆ ಸಿಮ್ಯುಲೇಟರ್ ಇದೆ.

ವಿಮಾನ ಯಾವುದು ಎಂದೂ ಕೇಳಿ. ಡೈಮಂಡ್ ಡಿಎ-42 ಡೀಸೆಲ್ ಎಂಜಿನ್ನಿನದು, ಜೆಟ್ ಇಂಧನದಲ್ಲಿ ಓಡುತ್ತದೆ. ಒಂದು ಎಂಜಿನ್ನಿಗೆ ಒಂದೇ ಲಿವರ್, ಮಾಸ್ಟರ್ ಸ್ವಿಚ್ ಆರಿಸಿದರೆ ತಾನೇ ಫೆದರ್ ಆಗುತ್ತದೆ. ಸೆನೆಕಾದಲ್ಲಿ ಆರು ಲಿವರ್, ಟರ್ಬೊ ಇದೆ, ಎಡ–ಬಲ ಪ್ರೊಪೆಲ್ಲರುಗಳು ಎದುರುಬದುರು ತಿರುಗುವುದರಿಂದ ಕ್ರಿಟಿಕಲ್ ಎಂಜಿನ್ (ಕೆಟ್ಟರೆ ಇನ್ನೊಂದಕ್ಕಿಂತ ಹೆಚ್ಚು ತೊಂದರೆ ಕೊಡುವ ಎಂಜಿನ್) ಎಂಬುದಿಲ್ಲ. ಯಾವುದು ಮೇಲು ಎಂಬ ಜಗಳ ಬೇಡ. ಆದರೆ ಶಾಲೆಯಲ್ಲಿ ಹಾರಾಟಕ್ಕೆ ಸಿದ್ಧವಿರುವ ಇಂಥ ವಿಮಾನ ಎಷ್ಟಿವೆ ಎಂಬುದು ಮುಖ್ಯ. ಒಂದೇ ಇದ್ದು, ಅದು 100 ಗಂಟೆಯ ತಪಾಸಣೆಗೋ ಬಿಡಿಭಾಗಕ್ಕೋ ನಿಂತರೆ ಕ್ಯೂ ಬೆಳೆಯುತ್ತದೆ. ಅರ್ಧ ಕಲಿತದ್ದು ತಿಂಗಳುಗಟ್ಟಲೆ ನಿಂತು ಮರೆತುಹೋದರೆ, ಮತ್ತೆ ಹತ್ತಿದಾಗ ಮೊದಲ ಗಂಟೆಗಳು ಹಳೆಯದನ್ನು ನೆನಪಿಸಿಕೊಳ್ಳಲೇ ಹೋಗುತ್ತವೆ. ಆ ಗಂಟೆಗಳ ಬಿಲ್ಲು ಯಾರ ತಲೆಗೆ ಎಂದು ಪ್ರವೇಶದ ಕರಾರಿನಲ್ಲೇ ಬರೆಸಿಕೊಳ್ಳಿ. ಮಲ್ಟಿ ಭಾಗದ ಫೀಸನ್ನು ಆ ಹಂತ ಬಂದಾಗಲೇ ಕಟ್ಟುವಂತೆ ಕೇಳಿ. ಕೊಡಗಿನ ವಂಶಪಾರಂಪರ್ಯದ ಜಮ್ಮಾ ಹಿಡುವಳಿಯ ಆರ್‌ಟಿಸಿಯಲ್ಲಿ ಒಕ್ಕದ (ಮನೆತನದ) ಎಲ್ಲರ ಹೆಸರಿದ್ದರೆ ಬ್ಯಾಂಕ್ ಸಾಲ ಬೇಗ ಕೈಗೆ ಬರುವುದಿಲ್ಲ ಎಂಬುದು ಇಲ್ಲಿನವರಿಗೆ ಹೇಳಬೇಕಾಗಿಲ್ಲ. ಆತುರದಲ್ಲಿ ತೋಟದ ಒಂದು ತುಂಡು ಮಾರಿ ಇಡೀ ಮೊತ್ತ ಮುಂಗಡ ಕಟ್ಟಿದವರಿಗೆ ಆಮೇಲೆ ಚೌಕಾಸಿಗೆ ದಾರಿ ಇರುವುದಿಲ್ಲ.

ಕುಶಾಲನಗರದ ಬಳಿ ಏರ್‌ಸ್ಟ್ರಿಪ್ ಆದರೆ ಇಲ್ಲೇ ತರಬೇತಿ ಶುರುವಾಗಬಹುದು ಎಂದು ಕೆಲವರು ಆಸೆ ಇಟ್ಟುಕೊಂಡಿದ್ದಾರೆ. ಆಸ್ಪತ್ರೆಯ ತುರ್ತಿಗೆ, ಪ್ರವಾಹ–ಭೂಕುಸಿತದ ಕಾಲಕ್ಕೆ ಅದು ಬೇಕೇ ಬೇಕು. ಎರಡು ಎಂಜಿನ್ನಿನ ಕಲಿಕೆಗೆ ಮಾತ್ರ ಪಶ್ಚಿಮಕ್ಕೆ ಬೆಟ್ಟ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತಗ್ಗು ಮೋಡ ಇರುವ ಜಾಗಕ್ಕಿಂತ ಕಲಬುರಗಿ, ಬೆಳಗಾವಿಯಂಥ ಬಯಲೇ ವಾಸಿ.

ಡಿಜಿಸಿಎ 2025ರ ಅಕ್ಟೋಬರ್‌ನಿಂದ ಹಾರಾಟ ಶಾಲೆಗಳಿಗೆ ದರ್ಜೆ ಕೊಡಲು ಆರಂಭಿಸಿರುವುದು ಸ್ವಾಗತಾರ್ಹ. ಅದರಲ್ಲಿ ಇನ್ನೊಂದು ಅಂಕಣ ಸೇರಲಿ: ಪ್ರತಿ ಶಾಲೆಯ ವಿದ್ಯಾರ್ಥಿ ಮಲ್ಟಿ ರೇಟಿಂಗ್‌ನಲ್ಲಿ ಸರಾಸರಿ ಎಷ್ಟು ಗಂಟೆ ಒಂದೇ ಎಂಜಿನ್ನಿನಲ್ಲಿ ಹಾರಿಸಿದ್ದಾರೆ, ಒಂದೇ ಎಂಜಿನ್ನಿನಲ್ಲಿ ಎಷ್ಟು ಬಾರಿ ಇಳಿಸಿದ್ದಾರೆ. ಅಲ್ಲಿಯವರೆಗೆ ಪ್ರವೇಶ ಕೇಳಲು ಹೋಗುವ ಪೋಷಕರು ಹಿಂದಿನ ಬ್ಯಾಚಿನ ಯಾರದಾದರೂ ಲಾಗ್‌ಬುಕ್ ತೋರಿಸುವಂತೆ ಕೇಳಿ, ಷರಾ ಕಾಲಂನಲ್ಲಿ ಯಾವ ಅಭ್ಯಾಸ ಎಂದು ಬರೆದಿದೆಯೋ ಬರೀ ‘ಮಲ್ಟಿ’ ಎಂದಿದೆಯೋ ನೋಡಲಿ.

– ಒಬ್ಬ ವಿಮಾನ ಬೋಧಕ, ವಿರಾಜಪೇಟೆ